ಟೀಮಿನಲ್ಲಿ ಯಾರು ಏಕೆ ಹಾಗೆ? ಸ್ವಭಾವ, ಪ್ರೇರಣೆ ಎರಡನ್ನೂ ಓದಿ ತಂಡ ಸರಿಪಡಿಸುವ ಎಂಟು ವಾರಗಳ ಮಾರ್ಗದರ್ಶಿ

ಹೊಸದಾಗಿ ಟೀಮ್ ಲೀಡ್ ಆದವರು ಎಡವುವ ಜಾಗ ಬಹುತೇಕ ಒಂದೇ. ತಂಡದಲ್ಲಿ ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಎಲ್ಲರಿಂದ ಒಂದು ಪರ್ಸನಾಲಿಟಿ ಟೆಸ್ಟ್ ಮಾಡಿಸುತ್ತಾರೆ. ಫಲಿತಾಂಶ ನೋಡಿ ‘ಇವರು ಇಂಟ್ರೋವರ್ಟ್, ಅವರು ಡಾಮಿನೆಂಟ್’ ಎಂದು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಒಂದು ರೆಸಾರ್ಟಿನಲ್ಲಿ ಟೀಮ್ ಔಟಿಂಗ್. ಮೂರು ತಿಂಗಳು ಕಳೆದರೂ ಜಗಳ ಅದೇ, ವಿಳಂಬ ಅದೇ, ಮೀಟಿಂಗಿನ ಮೌನವೂ ಅದೇ. ಹೊಸದಾಗಿ ಸೇರಿದ್ದು ಹಣೆಪಟ್ಟಿ ಮಾತ್ರ.

ಟೆಸ್ಟ್ ಕೆಟ್ಟದ್ದು ಎಂದಲ್ಲ, ಕ್ರಮ ತಲೆಕೆಳಗಾಗಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ವಯಸ್ಕರ ಸ್ವಭಾವ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬದಲಾಗಬಹುದು, ನಿಮ್ಮ ಮುಂದಿನ ಡೆಡ್‌ಲೈನಿನೊಳಗಂತೂ ಇಲ್ಲ. ಕೆಲಸದ ಜೋಡಣೆಯನ್ನು ಈ ವಾರವೇ ಬದಲಿಸಬಹುದು. ಪ್ರೇರಣೆಗೆ ಅಡ್ಡವಾಗಿರುವ ಕಲ್ಲನ್ನು ಈ ತಿಂಗಳು ಸರಿಸಬಹುದು. ಆದ್ದರಿಂದ ನೋಡಬೇಕಾದ ಕ್ರಮ ಹೀಗಿದೆ: ಮೊದಲು ಕೆಲಸ, ಆಮೇಲೆ ಪರಿಸ್ಥಿತಿ, ಮೂರನೆಯದು ಪ್ರೇರಣೆ, ಕೊನೆಗೆ ಸ್ವಭಾವ. ಇಲ್ಲಿನ ಎಲ್ಲ ಹಂತಗಳೂ ಇದೇ ಕ್ರಮದಲ್ಲಿವೆ. ಒಂದನ್ನು ಹಾರಿಸಿದರೆ ಮುಂದಿನ ಹಂತದ ಉತ್ತರ ತಪ್ಪಾಗುತ್ತದೆ.

ಈ ವಿಧಾನ ಐದರಿಂದ ಒಂಬತ್ತು ಜನರ ತಂಡಕ್ಕೆ ಹೊಂದುತ್ತದೆ. ಅದಕ್ಕಿಂತ ದೊಡ್ಡ ತಂಡವಾದರೆ ಮೊದಲು ಎರಡು ಭಾಗ ಮಾಡಿ. ಐದು ಜನರ ನಡುವೆ 10 ಜೋಡಿ ಸಂಬಂಧಗಳಿರುತ್ತವೆ, ಎಂಟು ಜನರ ನಡುವೆ 28, ಹನ್ನೆರಡು ಜನರ ನಡುವೆ 66. ಅರವತ್ತಾರು ಸಂಬಂಧಗಳ ಮೇಲೆ ಒಬ್ಬರು ಕಣ್ಣಿಡಲಾರರು.

## ಶುರುಮಾಡುವ ಮೊದಲು ಬೇಕಾದದ್ದು

- ಕಂಪನಿಯ ಶೇರ್ಡ್ ಡ್ರೈವಿನಲ್ಲಿ ಇಲ್ಲದ, ನಿಮ್ಮ ಕೈಯಲ್ಲೇ ಉಳಿಯುವ ಒಂದು ನೋಟ್‌ಬುಕ್.
- ದಿನಕ್ಕೆ 10 ನಿಮಿಷ, ಎಂಟು ವಾರ.
- ಪ್ರತಿಯೊಬ್ಬರ ಜೊತೆ 45 ನಿಮಿಷದ ಒಂದು ಮಾತುಕತೆ, ಮುಂದೆ 20 ನಿಮಿಷದ ಎರಡು. ಏಳು ಜನರಿಗೆ ಒಟ್ಟು ಸುಮಾರು 10 ಗಂಟೆ.
- ಒಂದು ದೊಡ್ಡ ಹಾಳೆ, ಎರಡು ಬಣ್ಣದ ಪೆನ್ನು.

ಸಮಯ ಆರಿಸುವಾಗ ಎಚ್ಚರ. ಅಪ್ರೈಸಲ್ ನಡೆಯುವ ತಿಂಗಳುಗಳಲ್ಲಿ ಇದನ್ನು ಶುರುಮಾಡಬೇಡಿ. ನಮ್ಮಲ್ಲಿ ಅನೇಕ ಕಂಪನಿಗಳಿಗೆ ಅದು ಮಾರ್ಚ್, ಏಪ್ರಿಲ್. ಆಗ ನೀವು ‘ಕೆಲಸದಲ್ಲಿ ಏನು ಇಷ್ಟ?’ ಎಂದು ಕೇಳಿದರೂ ಎದುರಿಗಿದ್ದವರ ಕಿವಿಗೆ ಅದು ರೇಟಿಂಗಿನ ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಲೇಆಫ್ ಸುದ್ದಿ ಹರಿದಾಡುತ್ತಿರುವಾಗಲೂ ಬೇಡ.

ಮೊದಲ ದಿನವೇ ತಂಡಕ್ಕೆ ಹೇಳಿಬಿಡಿ: ‘ನಮ್ಮ ಕೆಲಸದ ಜೋಡಣೆ ಸರಿಪಡಿಸಲು ಎರಡು ತಿಂಗಳು ನೋಡುತ್ತೇನೆ, ಎಲ್ಲರ ಜೊತೆ ಮಾತಾಡುತ್ತೇನೆ. ಇಲ್ಲಿ ಬರೆದುಕೊಂಡದ್ದು ಅಪ್ರೈಸಲ್‌ಗೆ ಹೋಗುವುದಿಲ್ಲ.’ ಹೇಳಿದ ಮೇಲೆ ಆ ಮಾತಿನಂತೆ ನಡೆಯಿರಿ. ಒಮ್ಮೆ ಮಾತು ತಪ್ಪಿದರೆ ಮುಂದೆ ನಿಮಗೆ ಸಿಗುವುದು ಚಂದದ ಉತ್ತರ ಮಾತ್ರ.

## ಹಂತ 1: ಕೆಲಸದ ನಕ್ಷೆ ಬಿಡಿಸಿ (ಮೊದಲ ಮೂರು ದಿನ)

ದೊಡ್ಡ ಹಾಳೆಯ ಮೇಲೆ ಎಲ್ಲರ ಹೆಸರು ವೃತ್ತಾಕಾರವಾಗಿ ಬರೆಯಿರಿ. ಯಾರ ಕೆಲಸ ಮುಗಿಯದೆ ಯಾರ ಕೆಲಸ ಶುರುವಾಗುವುದಿಲ್ಲವೋ ಅವರ ನಡುವೆ ಬಾಣ ಎಳೆಯಿರಿ. ಹೋದ ತಿಂಗಳು ನಿಜವಾಗಿ ನಡೆದದ್ದನ್ನು ಮಾತ್ರ ಗುರುತಿಸಿ, ಆರ್ಗ್ ಚಾರ್ಟಿನಲ್ಲಿ ಇರುವುದನ್ನಲ್ಲ. ಕಾಯಬೇಕಾಗಿ ಬಂದ ಕಡೆ ಎರಡನೆಯ ಬಣ್ಣದಲ್ಲಿ ಗುರುತು ಹಾಕಿ.

ಬಹಳ ಸಲ ಇಲ್ಲಿಯೇ ಅರ್ಧ ಸಮಸ್ಯೆ ಕಣ್ಣಿಗೆ ಬೀಳುತ್ತದೆ. ಟೆಸ್ಟಿಂಗ್ ಮಾಡುವವರು ‘ಸದಾ ಸಿಡುಕುತ್ತಾರೆ’ ಎಂದು ಹೆಸರಾಗಿರುತ್ತಾರೆ. ನಕ್ಷೆಯಲ್ಲಿ ನೋಡಿದರೆ ನಾಲ್ಕು ಬಾಣಗಳು ಅವರತ್ತ ಬರುತ್ತವೆ, ನಾಲ್ಕೂ ಗುರುವಾರ ಸಂಜೆ. ಶುಕ್ರವಾರ ರಿಲೀಸ್. ಆ ಜಾಗದಲ್ಲಿ ಯಾರನ್ನು ಕೂರಿಸಿದರೂ ಸಿಡುಕುತ್ತಾರೆ.

ಎದುರಿಗಿರುವವರ ನಡತೆಗೆ ಅವರ ಗುಣವನ್ನೇ ಕಾರಣವೆಂದುಕೊಂಡು ಸಂದರ್ಭವನ್ನು ಮರೆಯುವುದು ಮನುಷ್ಯರೆಲ್ಲರ ಅಭ್ಯಾಸ. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಇದನ್ನು ಮೂಲಭೂತ ಆರೋಪಣ ದೋಷ ಎಂದು ಕರೆದರು. ನಕ್ಷೆ ಬಿಡಿಸುವುದು ಈ ದೋಷಕ್ಕೆ ಹಾಕುವ ಮೊದಲ ತಡೆ.

## ಹಂತ 2: ಎರಡು ವಾರ ನಡತೆ ಬರೆಯಿರಿ, ಗುಣ ಬರೆಯಬೇಡಿ

ಪ್ರತಿ ಸಂಜೆ ಹತ್ತು ನಿಮಿಷ ಕೂತು ಅಂದು ಕಂಡದ್ದನ್ನು ಬರೆಯಿರಿ. ನಿಯಮ ಒಂದೇ: ವಾಕ್ಯದಲ್ಲಿ ಕ್ರಿಯಾಪದ ಇರಬೇಕು, ಗುಣವಾಚಕ ಇರಬಾರದು. ‘ಸೋಮಾರಿ’ ತಪ್ಪು, ‘ಮಂಗಳವಾರ ಕೊಡಬೇಕಿದ್ದ ವರದಿ ಗುರುವಾರ ಬಂತು, ತಡವಾಗುತ್ತದೆ ಎಂದು ಮೊದಲೇ ಹೇಳಲಿಲ್ಲ’ ಸರಿ. ‘ಅಹಂಕಾರ’ ತಪ್ಪು, ‘ಮೀಟಿಂಗಿನಲ್ಲಿ ಮೂವರ ಮಾತನ್ನು ಮಧ್ಯದಲ್ಲೇ ತಡೆದರು’ ಸರಿ.

ನಾಲ್ಕು ಸಂಗತಿಗಳನ್ನು ತಪ್ಪದೆ ಗಮನಿಸಿ: ಮೀಟಿಂಗಿನಲ್ಲಿ ಯಾರು ಎಷ್ಟು ಸಲ ಮಾತಾಡಿದರು, ಯಾರು ಯಾರಿಗೆ ಸಹಾಯ ಕೇಳಿದರು, ಕೆಟ್ಟ ಸುದ್ದಿ ನಿಮಗೆ ಎಷ್ಟು ದಿನ ತಡವಾಗಿ ಮುಟ್ಟಿತು, ಯಾರೂ ಹೇಳದಿದ್ದರೂ ಯಾರು ಯಾವ ಕೆಲಸ ಮಾಡಿದರು. ನಾಲ್ಕನೆಯದು ಚಿನ್ನದಂಥ ಮಾಹಿತಿ. ಬಾಯಲ್ಲಿ ಹೇಳುವ ಆಸೆಗಿಂತ, ಹೇಳದೆ ಮಾಡುವ ಕೆಲಸ ಪ್ರೇರಣೆಯನ್ನು ನಿಖರವಾಗಿ ತೋರಿಸುತ್ತದೆ.

ಎರಡು ವಾರಕ್ಕಿಂತ ಕಡಿಮೆ ಮಾಡಬೇಡಿ. ಒಂದು ವಾರದಲ್ಲಿ ಒಬ್ಬರ ಮಗುವಿಗೆ ಜ್ವರ ಬಂದಿರಬಹುದು, ಇನ್ನೊಬ್ಬರ ಮನೆ ಬದಲಾವಣೆ ಇರಬಹುದು. ಒಂದೇ ನಡತೆ ಬೇರೆ ಬೇರೆ ಸಂದರ್ಭದಲ್ಲಿ ಮೂರು ಸಲವಾದರೂ ಕಾಣಿಸಬೇಕು. ಆಮೇಲೆ ಅದನ್ನು ಮಾದರಿ ಎಂದು ಒಪ್ಪಿ.

ಎಚ್ಚರಿಕೆಯ ಸೂಚನೆ: ನೋಟ್‌ಬುಕ್ಕಿನಲ್ಲಿ ಒಬ್ಬರ ಬಗ್ಗೆ ಎರಡು ಪುಟ, ಇನ್ನೊಬ್ಬರ ಬಗ್ಗೆ ಎರಡು ಸಾಲು ಇದ್ದರೆ ನಿಮ್ಮ ಕಣ್ಣು ಒಂದೇ ಕಡೆ ನೆಟ್ಟಿದೆ. ಗದ್ದಲ ಮಾಡದವರನ್ನು ಮೂರನೆಯ ವಾರ ಪ್ರತ್ಯೇಕವಾಗಿ ಗಮನಿಸಿ.

## ಹಂತ 3: ಸ್ವಭಾವದಂತೆ ಕಂಡರೂ ಸ್ವಭಾವವಲ್ಲದ್ದನ್ನು ಸೋಸಿ ತೆಗೆಯಿರಿ

ಅತಿ ಹೆಚ್ಚು ಜನ ತಪ್ಪುವುದು ಇಲ್ಲಿ. ಬರೆದುಕೊಂಡ ಪ್ರತಿ ಮಾದರಿಯನ್ನೂ ಮುಂದಿನ ಜರಡಿಗಳಲ್ಲಿ ಒಂದೊಂದಾಗಿ ಹಾಯಿಸಿ.

ಭಾಷೆ. ಬೆಂಗಳೂರಿನ ಕಚೇರಿಗಳಲ್ಲಿ ಮೀಟಿಂಗ್ ನಡೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಹೊರಗಿನವರಿಗೆ ಅದು ಸಂಕೋಚದಂತೆ, ಆಸಕ್ತಿ ಇಲ್ಲದಂತೆ ಕಾಣುತ್ತದೆ. ಪರೀಕ್ಷೆ ಸುಲಭ: ಊಟದ ಹೊತ್ತಿನಲ್ಲಿ, ಕನ್ನಡದಲ್ಲೋ ಅವರ ಇನ್ನಾವುದೇ ಮನೆಮಾತಿನಲ್ಲೋ ಅದೇ ವಿಷಯ ಎತ್ತಿ. ಅಲ್ಲಿ ಮಾತು ಹರಿದರೆ ಇದು ಅಂತರ್ಮುಖತೆಯಲ್ಲ. ಅಜೆಂಡಾವನ್ನು ಹಿಂದಿನ ದಿನವೇ ಕಳಿಸಿ, ‘ಯಾವ ಭಾಷೆಯಲ್ಲಿ ಹೇಳಿದರೂ ಸರಿ’ ಎಂದು ನೀವೇ ಮೊದಲು ಎರಡು ವಾಕ್ಯ ಕನ್ನಡದಲ್ಲಿ ಆಡಿ ತೋರಿಸಿ. ಪ್ರತಿಭಾವಂತ ಹುಡುಗ ಹುಡುಗಿಯರು ಇಂಗ್ಲಿಷಿನ ಕಾರಣಕ್ಕೆ ‘ಲೋ ಎನರ್ಜಿ’ ಎನ್ನಿಸಿಕೊಂಡು ಹಿಂದೆ ಉಳಿಯುವುದು ದೊಡ್ಡ ಅನ್ಯಾಯ. ಅದನ್ನು ತಡೆಯುವ ಶಕ್ತಿ ಟೀಮ್ ಲೀಡ್ ಕೈಯಲ್ಲಿದೆ.

ಹಿರಿಯ–ಕಿರಿಯ ಎಂಬ ಅಂತರ. ‘ನೋಡೋಣ ಸರ್’, ‘ಟ್ರೈ ಮಾಡ್ತೀನಿ’, ‘ಆಗಬಹುದು’: ಇವು ಮೂರೂ ನಮ್ಮಲ್ಲಿ ಬಹಳ ಸಲ ವಿನಯದ ‘ಇಲ್ಲ’. ಕೇಳಿಸಿಕೊಂಡವರು ‘ಹೌದು’ ಎಂದು ಬರೆದುಕೊಂಡರೆ ಎರಡು ವಾರದ ನಂತರ ‘ಮಾತಿಗೆ ನಿಲ್ಲುವುದಿಲ್ಲ’ ಎಂಬ ದೂರು ಹುಟ್ಟುತ್ತದೆ. ‘ಆಗುತ್ತದಾ?’ ಎಂದು ಕೇಳುವುದನ್ನು ಬಿಟ್ಟು ‘ಇದಕ್ಕೆ ಅಡ್ಡಿಯಾಗುವ ಎರಡು ವಿಷಯ ಹೇಳಿ’ ಎಂದು ಕೇಳಿ. ಅಡ್ಡಿ ಹೇಳುವುದು ಅವಿನಯವಲ್ಲ ಎಂದಾದಾಗ ನಿಜ ಹೊರಬರುತ್ತದೆ. ಮೌನವನ್ನು ಸಮ್ಮತಿ ಎಂದು ತಿಳಿಯುವ ಹಳೆಯ ರೂಢಿ ಮೀಟಿಂಗಿನಲ್ಲಿ ನಡೆಯದು.

ಪ್ರಯಾಣ ಮತ್ತು ಮನೆ. ಹೊರ ವರ್ತುಲ ರಸ್ತೆಯಲ್ಲಿ ಒಂದೂವರೆ ಗಂಟೆ ನಿಂತು ಬಂದವರ ಬೆಳಗಿನ ಮುಖ ನೋಡಿ ಸ್ವಭಾವ ಅಳೆಯಬೇಡಿ. ಸಂಜೆ ಆರಕ್ಕೆ ಎದ್ದು ಹೋಗುವವರಿಗೆ ಮಗುವನ್ನು ಡೇಕೇರಿನಿಂದ ಕರೆತರುವ ಹೊಣೆ ಇರಬಹುದು. ಕೆಲಸದ ಮೇಲೆ ಶ್ರದ್ಧೆ ಇದೆಯೇ ಎಂಬುದನ್ನು ಎದ್ದು ಹೋಗುವ ಹೊತ್ತು ಹೇಳುವುದಿಲ್ಲ, ಕೊಟ್ಟ ಕೆಲಸದ ಗುಣಮಟ್ಟ ಹೇಳುತ್ತದೆ.

ಅಸ್ಪಷ್ಟ ಹೊಣೆ. ಇಬ್ಬರ ಜಗಳ ಯಾವ ಕೆಲಸದ ಸುತ್ತ ನಡೆಯುತ್ತದೆಯೋ ಆ ಕೆಲಸದ ಕೊನೆಯ ತೀರ್ಮಾನ ಯಾರದು ಎಂದು ಇಬ್ಬರನ್ನೂ ಬೇರೆ ಬೇರೆ ಕೇಳಿ. ಇಬ್ಬರೂ ‘ನನ್ನದು’ ಎಂದರೆ ಜಗಳದ ಬೇರು ಅಲ್ಲಿಯೇ ಇದೆ.

ಆರೋಗ್ಯ. ಒಬ್ಬರ ನಡತೆ ಇತ್ತೀಚೆಗೆ, ಅವರ ಹಳೆಯ ರೀತಿಗೆ ಹೋಲಿಸಿದರೆ ಥಟ್ಟನೆ ಬದಲಾಗಿದ್ದರೆ ಅದನ್ನು ಸ್ವಭಾವದ ಖಾನೆಗೆ ಸೇರಿಸಬೇಡಿ. ಸ್ವಭಾವ ದಿಢೀರನೆ ಬದಲಾಗುವುದಿಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸಣ್ಣ ತೀರ್ಮಾನಕ್ಕೂ ತಡಕಾಟ ಎಂದು ಅವರೇ ಹೇಳಿದರೆ ಇದು ತಂಡ ನಿರ್ವಹಣೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ನೀವು ರೋಗನಿರ್ಣಯಕ್ಕೆ ಇಳಿಯಬೇಡಿ. ಕೆಲಸದ ಹೊರೆ ಇಳಿಸಿ, ವೈದ್ಯರ ಸಹಾಯ ಪಡೆಯಲು ರಜೆಯ ದಾರಿ ಮಾಡಿಕೊಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಮುಖ್ಯ ಕೇಂದ್ರ.

ಈ ಜರಡಿಗಳಲ್ಲಿ ಹಾಯಿಸಿದ ಮೇಲೆ ಪಟ್ಟಿ ಚಿಕ್ಕದಾಗುತ್ತದೆ. ಏನೂ ಕಡಿಮೆಯಾಗದಿದ್ದರೆ ನೀವು ಅವಸರ ಮಾಡಿದ್ದೀರಿ, ಮತ್ತೊಮ್ಮೆ ಹಾಯಿಸಿ.

## ಹಂತ 4: ಪ್ರೇರಣೆಯನ್ನು ಹುಡುಕಿ (ಮೂರು, ನಾಲ್ಕನೆಯ ವಾರ)

‘ನಿಮಗೆ ಏನು ಪ್ರೇರಣೆ?’ ಎಂದು ನೇರವಾಗಿ ಕೇಳಬೇಡಿ. ‘ಲರ್ನಿಂಗ್ ಸರ್, ಗ್ರೋತ್ ಸರ್’ ಎಂಬ ಇಂಟರ್‌ವ್ಯೂ ಉತ್ತರ ಬರುತ್ತದೆ. 45 ನಿಮಿಷದ ಮಾತುಕತೆಯಲ್ಲಿ ನಡೆದ ಘಟನೆಗಳನ್ನು ಕೇಳಿ:

1. ಕಳೆದ ಆರು ತಿಂಗಳಲ್ಲಿ ಹೊತ್ತು ಹೋದದ್ದೇ ತಿಳಿಯದ ಕೆಲಸ ಯಾವುದು? ಅದರ ಯಾವ ಭಾಗ?
2. ಮುಂದೂಡುತ್ತಲೇ ಬಂದ ಕೆಲಸ ಯಾವುದು?
3. ಯಾವ ತೀರ್ಮಾನವನ್ನು ನೀವೇ ತೆಗೆದುಕೊಳ್ಳಬಹುದಿತ್ತು, ಆದರೂ ಕೇಳಬೇಕಾಯಿತು?
4. ಮಾಡಿದ ಕೆಲಸ ಚೆನ್ನಾಗಿತ್ತೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗುತ್ತದೆ?
5. ಕಷ್ಟ ಬಂದಾಗ ಮೊದಲು ಯಾರ ಹತ್ತಿರ ಹೋಗುತ್ತೀರಿ?

ಮೂರರಿಂದ ಐದರವರೆಗಿನ ಪ್ರಶ್ನೆಗಳಿಗೆ ಆಧಾರವಿದೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಬೆಳೆಸಿದ ಸ್ವನಿರ್ಧಾರ ಸಿದ್ಧಾಂತದ ಪ್ರಕಾರ ಒಳಗಿನ ಪ್ರೇರಣೆ ನಿಲ್ಲುವುದು ಮೂರು ಅಗತ್ಯಗಳ ಮೇಲೆ: ಸ್ವಾಯತ್ತತೆ, ಸಾಮರ್ಥ್ಯದ ಅರಿವು, ಸಂಬಂಧ. ಯಾವ ಪ್ರಶ್ನೆಗೆ ಉತ್ತರ ತಡವರಿಸುತ್ತದೆಯೋ ಆ ಅಗತ್ಯ ಹಸಿದಿದೆ ಎಂದು ಅರ್ಥ. ಅದನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ.

ಒಬ್ಬರಿಗೆ ಒಂದು ನಿರ್ದಿಷ್ಟ ಕೆಲಸದಲ್ಲಿ ಮಾತ್ರ ಹುಮ್ಮಸ್ಸಿಲ್ಲ ಎಂದಾದರೆ ವಿಕ್ಟರ್ ವ್ರೂಮ್ 1964ರಲ್ಲಿ ಮಂಡಿಸಿದ ನಿರೀಕ್ಷಾ ಸಿದ್ಧಾಂತದ ಮೂರು ಪ್ರಶ್ನೆ ಸಾಕು: ಮಾಡಬಲ್ಲೆನೇ? ಮಾಡಿದರೆ ಸಿಗುತ್ತದೆಯೇ? ಸಿಗುವುದು ನನಗೆ ಬೇಕೇ? ಮೂರೂ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ, ಕೂಡಿಕೊಳ್ಳುವುದಿಲ್ಲ. ಒಂದು ಸೊನ್ನೆಯಾದರೆ ಒಟ್ಟು ಸೊನ್ನೆ. ಪ್ರಮೋಷನ್ ಆಸೆ ತೋರಿಸಿಯೂ ಜನ ಕದಲದಿದ್ದರೆ, ಹೋದ ವರ್ಷ ಅಷ್ಟೇ ಕೆಲಸ ಮಾಡಿದವರಿಗೆ ಅದು ಸಿಗಲಿಲ್ಲ ಎಂಬುದನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಅಲ್ಲಿ ಎರಡನೆಯ ಉತ್ತರ ಸೊನ್ನೆ. ಅದಕ್ಕೆ ಭಾಷಣ ಮದ್ದಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುವುದೊಂದೇ ಮದ್ದು.

### ಕೆಲಸದಲ್ಲೇ ಪ್ರೇರಣೆ ಎಷ್ಟಿದೆ ಎಂದು ಲೆಕ್ಕ ಹಾಕುವುದು

ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ 1970ರ ದಶಕದಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಐದು ಸಂಗತಿಗಳಿಗೆ 1ರಿಂದ 7ರವರೆಗೆ ಅಂಕ: ಕೌಶಲಗಳ ವೈವಿಧ್ಯ, ಕೆಲಸದ ಇಡಿತನ (ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡುವುದು), ಅದರ ಮಹತ್ವ, ಸ್ವಾಯತ್ತತೆ, ಮಾಡಿದ್ದು ಹೇಗಾಯಿತು ಎಂದು ತಿಳಿಯುವ ಹಿಮ್ಮಾಹಿತಿ. ಮೊದಲ ಮೂರರ ಸರಾಸರಿ ತೆಗೆದು ಅದನ್ನು ಸ್ವಾಯತ್ತತೆಯಿಂದ, ಬಂದದ್ದನ್ನು ಹಿಮ್ಮಾಹಿತಿಯಿಂದ ಗುಣಿಸಿ.

ಒಬ್ಬರ ಕೆಲಸಕ್ಕೆ 5, 4, 6, 2, 2 ಬಂತು ಎಂದುಕೊಳ್ಳಿ. ಸರಾಸರಿ 5, ಐದೆರಡು ಹತ್ತು, ಹತ್ತೆರಡು ಇಪ್ಪತ್ತು. ಲೀಡ್ ಸಾಮಾನ್ಯವಾಗಿ ಏನು ಮಾಡುತ್ತಾರೆ? ‘ಬೋರ್ ಆಗಿರಬೇಕು’ ಎಂದು ಹೊಸ ತಂತ್ರಜ್ಞಾನದ ಕೆಲಸ ಸೇರಿಸುತ್ತಾರೆ. ವೈವಿಧ್ಯ 5ರಿಂದ 7ಕ್ಕೆ ಏರಿದರೂ ಒಟ್ಟು 22.7ಕ್ಕೆ ನಿಲ್ಲುತ್ತದೆ. ವಾರಕ್ಕೊಮ್ಮೆ ಬಳಕೆದಾರರ ಪ್ರತಿಕ್ರಿಯೆ ನೇರವಾಗಿ ಅವರಿಗೇ ತಲುಪುವಂತೆ ಮಾಡಿ ಹಿಮ್ಮಾಹಿತಿಯನ್ನು 2ರಿಂದ 4ಕ್ಕೆ ಏರಿಸಿದರೆ ಒಟ್ಟು 40. ಇಮ್ಮಡಿ.

ಅಂಕವನ್ನು ನೀವೂ ಕೊಡಿ, ಆ ಕೆಲಸ ಮಾಡುವವರಿಂದಲೂ ಕೊಡಿಸಿ. ಸ್ವಾಯತ್ತತೆಗೆ ನೀವು 6 ಕೊಟ್ಟು ಅವರು 2 ಕೊಟ್ಟರೆ ಮುಂದಿನ ಮಾತುಕತೆಯ ವಿಷಯ ಅದೇ.

### ಹಣದ ಬಗ್ಗೆ ಎರಡು ಮಾತು

ಸಂಬಳ ಅನ್ಯಾಯವಾಗಿದೆ ಎಂದು ಯಾರಿಗಾದರೂ ಅನ್ನಿಸಿದ್ದರೆ ಈ ಮಾರ್ಗದರ್ಶಿಯ ಉಳಿದ ಯಾವ ಹಂತವೂ ಅವರ ಮೇಲೆ ಕೆಲಸ ಮಾಡದು. ಮೊದಲು ಅದನ್ನು ಮೇಲಿನವರ ಮುಂದೆ ಇಡಿ. ಮಾಡಲಾಗದಿದ್ದರೆ ಮಾಡಲಾಗದು ಎಂದು ಸ್ಪಷ್ಟವಾಗಿ ತಿಳಿಸಿ. ಇನ್ನೊಂದು ಕಡೆ, ಮನಸಾರೆ ಮಾಡುತ್ತಿದ್ದ ಕೆಲಸಕ್ಕೆ ತುಂಡು ತುಂಡಾಗಿ ಬಹುಮಾನ ಕಟ್ಟಬೇಡಿ. 1971ರಲ್ಲಿ ಡೆಸಿ ನಡೆಸಿದ ಪ್ರಯೋಗದಲ್ಲಿ, ಒಗಟು ಬಿಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನಲ್ಲಿ ಒಗಟಿನ ಕಡೆ ತಿರುಗುವುದು ಕಡಿಮೆಯಾಯಿತು. ಜೂನಿಯರುಗಳಿಗೆ ತಾನಾಗಿಯೇ ಕಲಿಸುತ್ತಿದ್ದವರಿಗೆ ‘ಪ್ರತಿ ಸೆಷನ್‌ಗೆ ಒಂದು ವೋಚರ್’ ಎಂದು ಶುರುಮಾಡಿದರೆ ವೋಚರ್ ನಿಂತ ತಿಂಗಳು ಕಲಿಸುವುದೂ ನಿಲ್ಲುವ ಅಪಾಯವಿದೆ.

## ಹಂತ 5: ಈಗ ಸ್ವಭಾವ (ಐದನೆಯ ವಾರ)

ಯಾವ ಅಳತೆಗೋಲು? ಸಂಶೋಧಕರು ಹೆಚ್ಚಾಗಿ ಒಪ್ಪುವುದು ‘ಬಿಗ್ ಫೈವ್’. ಅದರ ಐದು ಆಯಾಮಗಳು: ಹೊಸತಿಗೆ ತೆರೆದ ಮನಸ್ಸು, ಶಿಸ್ತು, ಬಹಿರ್ಮುಖತೆ, ಸೌಹಾರ್ದ, ಆತಂಕಶೀಲತೆ. ಪ್ರತಿಯೊಂದೂ ಒಂದು ಉದ್ದನೆಯ ಅಳತೆಪಟ್ಟಿಯಂತೆ. ಬಹುಪಾಲು ಜನ ಮಧ್ಯದಲ್ಲೇ ಇರುತ್ತಾರೆ. ಆದ್ದರಿಂದಲೇ ಜನರನ್ನು ಹದಿನಾರು ಡಬ್ಬಿಗಳಿಗೆ ತುಂಬುವ ಎಂಬಿಟಿಐ ರೀತಿಯ ಪರೀಕ್ಷೆಯಿಂದ ಕೆಲಸ ಹಂಚಬೇಡಿ. ಮಧ್ಯದಲ್ಲಿರುವವರು ಗೆರೆಯ ಈಚೆಯೋ ಆಚೆಯೋ ಬೀಳುವುದರಿಂದ, ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಅನೇಕರಿಗೆ ಬೇರೆ ಡಬ್ಬಿ ಸಿಗುತ್ತದೆ.

ಪ್ರಶ್ನಾವಳಿ ಬೇಕೇ ಬೇಕು ಎನ್ನುವವರಿಗೆ ಮನಶ್ಶಾಸ್ತ್ರಜ್ಞ ಲೂಯಿಸ್ ಗೋಲ್ಡ್‌ಬರ್ಗ್ ಕಟ್ಟಿದ ಐಪಿಐಪಿ (ಇಂಟರ್‌ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್) ಎಂಬ ಸ್ವಭಾವ ಪ್ರಶ್ನೆಗಳ ಸಂಗ್ರಹ ಎಲ್ಲರಿಗೂ ಮುಕ್ತ, ಉಚಿತ. ಅದರ 20 ಪ್ರಶ್ನೆಗಳ ಕಿರು ರೂಪ ಸುಮಾರು ಐದು ನಿಮಿಷದಲ್ಲಿ ಮುಗಿಯುತ್ತದೆ, ಒಂದೊಂದು ಆಯಾಮಕ್ಕೆ ನಾಲ್ಕು ಪ್ರಶ್ನೆ. ಉತ್ತರ ಬರೆದವರ ಕೈಯಲ್ಲೇ ಇರಲಿ. ಅವರಿಗೆ ಮನಸ್ಸಿದ್ದರೆ ಮಾತ್ರ, ‘ನನ್ನ ಜೊತೆ ಕೆಲಸ ಮಾಡುವಾಗ ಇದನ್ನು ನೆನಪಿಡಿ’ ಎಂದು ಎರಡು ಸಾಲು ಹಂಚಿಕೊಳ್ಳಲಿ. ಈ ಉತ್ತರಗಳು ವೈಯಕ್ತಿಕ ದತ್ತಾಂಶ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಅವನ್ನು ಎಕ್ಸೆಲ್ ಹಾಳೆಯಾಗಿ ವಾಟ್ಸ್‌ಆಪ್ ಗ್ರೂಪಿಗೆ ಹಾಕುವುದು ಸಲ್ಲದು.

ನಿಮ್ಮ ನೋಟ್‌ಬುಕ್ಕೂ ಅವರ ಉತ್ತರವೂ ಒಂದಕ್ಕೊಂದು ವಿರುದ್ಧವಾದರೆ ನೋಟ್‌ಬುಕ್ಕನ್ನು ನಂಬಿ. ಕಚೇರಿಯಲ್ಲಿ ಕೊಡುವ ಉತ್ತರದಲ್ಲಿ ಒಳ್ಳೆಯವರಾಗಿ ಕಾಣುವ ಆಸೆ ಬೆರೆತಿರುತ್ತದೆ.

ಪ್ರತಿ ಆಯಾಮದ ಎರಡೂ ತುದಿಗಳಿಗೆ ಲಾಭವೂ ಇದೆ, ಬೆಲೆಯೂ ಇದೆ.

*ಶಿಸ್ತು.* ಮರ್ರೆ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ 1991ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಲ್ಲ ಬಗೆಯ ವೃತ್ತಿಗಳಲ್ಲೂ ಕಾರ್ಯಕ್ಷಮತೆಯ ಜೊತೆ ಸ್ಥಿರವಾಗಿ ಕಂಡ ಗುಣ ಇದು. ಇದರ ಬೆಲೆ: ಯೋಜನೆ ಬದಲಾದಾಗ ಇವರಿಗೆ ನಿಜವಾದ ನೋವು. ಬದಲಾವಣೆ ಇದ್ದರೆ ಒಂದು ದಿನ ಮೊದಲೇ, ಕಾರಣದ ಜೊತೆ ಹೇಳಿ.

*ಬಹಿರ್ಮುಖತೆ.* ಹೆಚ್ಚು ಇದ್ದವರು ಮಾತಾಡುತ್ತಾ ಯೋಚಿಸುತ್ತಾರೆ, ಕಡಿಮೆ ಇದ್ದವರು ಯೋಚಿಸಿ ಮಾತಾಡುತ್ತಾರೆ. ಒಂದೇ ಮೀಟಿಂಗಿನಲ್ಲಿ ಇಬ್ಬರಿಗೂ ಜಾಗ ಬೇಕಾದರೆ ಮೊದಲ ಏಳು ನಿಮಿಷ ಎಲ್ಲರೂ ಮೌನವಾಗಿ ಬರೆಯಲಿ, ಆಮೇಲೆ ಚರ್ಚೆ. ಇದು ಕೇವಲ ದಾಕ್ಷಿಣ್ಯದ ಮಾತಲ್ಲ. ಒಟ್ಟಿಗೆ ಕೂತು ಬಾಯಿಮಾತಿನಲ್ಲಿ ಐಡಿಯಾ ಹುಡುಕುವಾಗ ಒಬ್ಬರು ಮಾತಾಡುತ್ತಿದ್ದರೆ ಉಳಿದವರ ಯೋಚನೆ ಕಟ್ಟಿಹೋಗುತ್ತದೆ ಎಂಬುದನ್ನು ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ 1987ರಲ್ಲೇ ತೋರಿಸಿದ್ದಾರೆ.

*ಸೌಹಾರ್ದ.* ಹೆಚ್ಚಿದ್ದವರು ತಂಡದ ಬೆಸುಗೆ, ಆದರೆ ‘ಇಲ್ಲ’ ಎನ್ನಲಾರರು. ಎಲ್ಲರ ಕೆಲಸವೂ ಅವರ ಮೇಜಿಗೆ ಬಂದು ಸೇರಿರುತ್ತದೆ. ತಿಂಗಳಿಗೊಮ್ಮೆ ಅವರ ಪಟ್ಟಿಯನ್ನು ನೀವೇ ಕತ್ತರಿಸಿ. ಸೌಹಾರ್ದ ತೀರಾ ಕಡಿಮೆ ಇರುವ ಒಬ್ಬರೇ ಇದ್ದರೂ ತಂಡದ ಸಾಧನೆಗೆ ಪೆಟ್ಟು. ಸುಸಾನ್ ಬೆಲ್ 2007ರಲ್ಲಿ ನಡೆಸಿದ, ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆಯಲ್ಲಿ, ನಿಜವಾದ ಕೆಲಸದ ತಂಡಗಳ ಮಟ್ಟಿಗೆ, ಈ ಗುಣದಲ್ಲಿ ಅತಿ ಕಡಿಮೆ ಇರುವವರ ಅಂಕ ಮುಖ್ಯವಾಗಿ ಕಂಡಿತು. ಅಂಥವರಿಗೆ ಒಬ್ಬರೇ ಮುಗಿಸಬಲ್ಲ, ಸ್ಪಷ್ಟ ಗಡಿಯ ಕೆಲಸ ಕೊಡಿ.

*ಆತಂಕಶೀಲತೆ.* ಇವರು ಅಪಾಯವನ್ನು ಮೊದಲು ಕಾಣುತ್ತಾರೆ. ರಿಲೀಸಿಗೆ ಮುನ್ನ ‘ಏನೆಲ್ಲ ಕೆಡಬಹುದು’ ಎಂಬ ಪಟ್ಟಿ ಇವರಿಂದ ಮಾಡಿಸಿ. ಆದರೆ ಶುಕ್ರವಾರ ಸಂಜೆ ‘ಸೋಮವಾರ ಮಾತಾಡಬೇಕು’ ಎಂದು ಒಂದೇ ಸಾಲಿನ ಮೆಸೇಜ್ ಹಾಕಬೇಡಿ. ವಿಷಯ ಏನೆಂದೂ ಬರೆಯಿರಿ.

*ಹೊಸತಿಗೆ ತೆರೆದ ಮನಸ್ಸು.* ಶುರುಮಾಡುವುದರಲ್ಲಿ ಮುಂದೆ, ಮುಗಿಸುವುದರಲ್ಲಿ ಕೆಲವೊಮ್ಮೆ ಹಿಂದೆ.

ಕೊನೆಯದಾಗಿ ನಿಮ್ಮನ್ನೂ ಇದೇ ಅಳತೆಗೋಲಿನಿಂದ ಅಳೆದುಕೊಳ್ಳಿ. ಆಡಮ್ ಗ್ರಾಂಟ್ ಮತ್ತು ಸಂಗಡಿಗರು ಅಮೆರಿಕದ ಪಿಜ್ಜಾ ಅಂಗಡಿಗಳಲ್ಲಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಬ್ಬಂದಿ ತಾವಾಗಿಯೇ ಸಲಹೆ ಕೊಡುವಂಥವರಾಗಿದ್ದಾಗ ಬಹಿರ್ಮುಖ ಮುಖ್ಯಸ್ಥರ ಅಂಗಡಿಗಳ ಲಾಭ ಕಡಿಮೆ ಇತ್ತು. ಚುರುಕಾದ ತಂಡದ ಮುಂದೆ ಮಾತುಗಾರ ಲೀಡ್ ಕಡಿಮೆ ಮಾತಾಡುವುದನ್ನು ಕಲಿಯಬೇಕು.

## ಹಂತ 6: ಜೋಡಿಗಳನ್ನು ನೋಡಿ

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ತಪ್ಪು ಎತ್ತಿನದೂ ಅಲ್ಲ, ಕೋಣದ್ದೂ ಅಲ್ಲ. ಒಂದೇ ನೊಗಕ್ಕೆ ಕಟ್ಟಿದವರದು. ಹಂತ 1ರ ನಕ್ಷೆ ತೆರೆದು, ಕಾಯುವಿಕೆಯ ಗುರುತು ಹೆಚ್ಚಿರುವ ಮೂರು ಜೋಡಿಗಳನ್ನು ಮಾತ್ರ ಆರಿಸಿ. ಎಲ್ಲ ಜೋಡಿಗಳನ್ನೂ ಸರಿಪಡಿಸಲು ಹೊರಟರೆ ಯಾವುದೂ ಸರಿಯಾಗದು.

ಮೊದಲು ಜಗಳದ ಜಾತಿ ಗುರುತಿಸಿ. ಕೆಲಸ ಹೇಗೆ ಮಾಡಬೇಕು ಎಂಬ ಭಿನ್ನಮತ ಒಂದು, ‘ಆ ವ್ಯಕ್ತಿಯೇ ಹಾಗೆ’ ಎಂಬ ಅಸಮಾಧಾನ ಇನ್ನೊಂದು. ಮೊದಲನೆಯದನ್ನು ಅವಸರದಿಂದ ಮುಚ್ಚಬೇಡಿ, ಬರವಣಿಗೆಗೆ ಇಳಿಸಿ: ಇಬ್ಬರೂ ತಮ್ಮ ದಾರಿಯನ್ನು ಅರ್ಧ ಪುಟ ಬರೆಯಲಿ, ಯಾವ ಆಧಾರದ ಮೇಲೆ ಆರಿಸುವುದು ಎಂದು ಮೊದಲೇ ನಿಗದಿ ಮಾಡಿ. ಎರಡನೆಯದಕ್ಕೆ ಎಲ್ಲರ ಮುಂದೆ ಚರ್ಚೆ ಇಟ್ಟರೆ ಗಾಯ ಆಳವಾಗುತ್ತದೆ. ಇಬ್ಬರ ಜೊತೆ ಪ್ರತ್ಯೇಕವಾಗಿ ಕೂತು, ನೋಟ್‌ಬುಕ್ಕಿನ ಕ್ರಿಯಾಪದಗಳ ಭಾಷೆಯಲ್ಲೇ ಮಾತಾಡಿ. ನಡುವಿನ ಕೆಲಸದ ಹಸ್ತಾಂತರವನ್ನು ಲಿಖಿತ ಪಟ್ಟಿಗೆ ತನ್ನಿ.

ಸಾಮಾನ್ಯವಾಗಿ ಕೆಡುವ ಜೋಡಿ ಇದು: ಶಿಸ್ತು ಹೆಚ್ಚಿರುವ ಒಬ್ಬರು, ಹೊಸತಿನ ಹುಚ್ಚಿರುವ ಇನ್ನೊಬ್ಬರು. ಇಬ್ಬರೂ ಬೇಕು, ಆದರೆ ಒಂದೇ ವಾರದಲ್ಲಿ ಅಲ್ಲ. ಕೆಲಸದ ಮೊದಲ ಕಾಲು ಭಾಗದಲ್ಲಿ ದಾರಿ ಹುಡುಕುವ ಹೊಣೆ ಹೊಸತಿನವರಿಗೆ. ಒಂದು ದಿನಾಂಕ ಗೊತ್ತುಮಾಡಿ. ಆ ದಿನದ ನಂತರ ಹೊಸ ಐಡಿಯಾ ಮುಂದಿನ ಸುತ್ತಿಗೆ, ಹೊಣೆ ಶಿಸ್ತಿನವರಿಗೆ. ದಿನಾಂಕ ಬರೆದಿಟ್ಟರೆ ಜಗಳಕ್ಕೆ ವಿಷಯವೇ ಉಳಿಯುವುದಿಲ್ಲ.

## ಹಂತ 7: ಒಂದೇ ಒಂದು ಬದಲಾವಣೆ, ಮೂರು ವಾರ

ಇಲ್ಲಿಯವರೆಗೆ ನಿಮಗೆ ಹತ್ತು ಬದಲಾವಣೆ ತೋಚಿರುತ್ತದೆ. ಒಂದನ್ನು ಮಾತ್ರ ಆರಿಸಿ. ಒಟ್ಟಿಗೆ ನಾಲ್ಕು ಮಾಡಿದರೆ ಯಾವುದು ಫಲಿಸಿತು, ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ. ಜನರಿಗೂ ‘ಮತ್ತೊಂದು ಹೊಸ ಪದ್ಧತಿ’ ಎಂಬ ದಣಿವು. ಆಯ್ಕೆಯ ಕ್ರಮ: ಹಸ್ತಾಂತರ ಸರಿಪಡಿಸುವುದು ಮೊದಲು, ಹಿಮ್ಮಾಹಿತಿ ತಲುಪಿಸುವುದು ಎರಡನೆಯದು, ತೀರ್ಮಾನದ ಅಧಿಕಾರ ಕೊಡುವುದು ಮೂರನೆಯದು, ಜನರನ್ನು ಅದಲುಬದಲು ಮಾಡುವುದು ಕೊನೆಯದು.

‘ಕೆಲವರು ಮಾತ್ರ ದುಡಿಯುತ್ತಾರೆ, ಉಳಿದವರು ಅವರ ನೆರಳಲ್ಲಿ’ ಎಂಬುದು ನಿಮ್ಮ ದೂರಾದರೆ, ಪ್ರತಿ ಕೆಲಸಕ್ಕೂ ಒಬ್ಬರೇ ಹೊಣೆಗಾರರು ಎಂದು ಬರೆಯುವುದೇ ಬದಲಾವಣೆಯಾಗಲಿ. ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಹಗ್ಗ ಎಳೆಸಿ ಅಳೆದು, ಜನ ಹೆಚ್ಚಿದಂತೆ ತಲಾ ಬಲ ಇಳಿಯುವುದನ್ನು ಕಂಡರು. ಬಿಬ್ ಲತಾನೆ ಮತ್ತು ಸಂಗಡಿಗರು 1979ರಲ್ಲಿ ಚಪ್ಪಾಳೆ, ಕೂಗು ಬಳಸಿ ಅದನ್ನೇ ಮತ್ತೆ ಕಂಡರು. ಅವರದೇ ಮುಂದಿನ ಪ್ರಯೋಗಗಳಲ್ಲಿ, ತಮ್ಮ ಪಾಲು ಬೇರೆಯಾಗಿ ಅಳತೆಗೆ ಸಿಗುತ್ತದೆ ಎಂದು ಜನರಿಗೆ ತಿಳಿದಾಗ ಈ ಇಳಿಕೆ ಇಲ್ಲವಾಯಿತು. ಅಂದರೆ ಸೋಮಾರಿತನ ಎಂದು ಕಂಡದ್ದರಲ್ಲಿ ಬಹುಪಾಲು ಜೋಡಣೆಯ ದೋಷ.

ಈ ಮೂರು ವಾರಗಳಲ್ಲಿ ಮೊದಲ ವಾರ ಕೆಲಸ ಸ್ವಲ್ಪ ಕುಂಟುವುದು ಸಹಜ. ಆಗ ಹಿಂದೆ ಸರಿಯಬೇಡಿ. ಎರಡನೆಯ ವಾರವೂ ಪರಿಸ್ಥಿತಿ ಇಳಿಮುಖವಾಗಿಯೇ ಇದ್ದರೆ ನಿಲ್ಲಿಸಿ, ಹಂತ 3ಕ್ಕೆ ಹಿಂದಿರುಗಿ.

## ಹಂತ 8: ಫಲಿಸಿತೇ ಎಂದು ನೋಡುವುದು

‘ಈಗ ವಾತಾವರಣ ಚೆನ್ನಾಗಿದೆ’ ಎಂಬ ಭಾವನೆ ಅಳತೆಯಲ್ಲ. ಹಂತ 2ರ ನಾಲ್ಕು ಸಂಗತಿಗಳನ್ನೇ ಮತ್ತೆ ಎಣಿಸಿ. ಮೀಟಿಂಗಿನಲ್ಲಿ ಮಾತಾಡುವವರ ಸಂಖ್ಯೆ ಮೂರರಿಂದ ಐದಾಯಿತೇ? ಕೆಟ್ಟ ಸುದ್ದಿ ನಾಲ್ಕು ದಿನದ ಬದಲು ಒಂದೇ ದಿನದಲ್ಲಿ ಬಂತೇ?

ಇಲ್ಲೊಂದು ಮೋಸದ ತಿರುವಿದೆ. ಸುಧಾರಿಸುತ್ತಿರುವ ತಂಡದಲ್ಲಿ ತಪ್ಪುಗಳ ವರದಿ ಮೊದಲು ಹೆಚ್ಚಾಗುತ್ತದೆ. ಆಸ್ಪತ್ರೆ ತಂಡಗಳನ್ನು ನೋಡಿದ ಸಂಶೋಧಕಿ ಏಮಿ ಎಡ್ಮಂಡ್‌ಸನ್‌ಗೆ, ಒಳ್ಳೆಯ ತಂಡಗಳಲ್ಲೇ ಔಷಧ ಕೊಡುವ ತಪ್ಪುಗಳು ಹೆಚ್ಚು ದಾಖಲಾಗಿರುವುದು ಕಂಡಿತು. ಅಲ್ಲಿ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಮುಂದೆ 1999ರಲ್ಲಿ ಅವರು 51 ತಂಡಗಳ ಅಧ್ಯಯನದ ಮೂಲಕ ಮಾನಸಿಕ ಸುರಕ್ಷತೆ (ತಪ್ಪು ಒಪ್ಪಿಕೊಂಡರೂ, ಪ್ರಶ್ನೆ ಕೇಳಿದರೂ ಅವಮಾನವಾಗದು ಎಂಬ ಭರವಸೆ) ಎಂಬ ಕಲ್ಪನೆಯನ್ನು ಗಟ್ಟಿಗೊಳಿಸಿದರು. ಆದ್ದರಿಂದ ಏಳನೆಯ ವಾರ ನಿಮ್ಮ ಮುಂದೆ ತಪ್ಪುಗಳು ರಾಶಿ ಬಿದ್ದರೆ ಹೆದರಬೇಡಿ. ಮೊದಲು ತಪ್ಪು ಒಪ್ಪಿಕೊಂಡವರಿಗೆ ನೀವು ಎಲ್ಲರೆದುರು ಏನು ಉತ್ತರ ಕೊಡುತ್ತೀರಿ ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ‘ಬೇಗ ಹೇಳಿದ್ದು ಒಳ್ಳೆಯದಾಯಿತು, ಈಗ ಸರಿಪಡಿಸಲು ಏನು ಬೇಕು?’ ಎನ್ನಿ. ‘ಹೀಗೇಕೆ ಆಯಿತು’ ಎಂಬ ವಿಚಾರಣೆ ಮಾರನೆಯ ದಿನಕ್ಕಿರಲಿ.

ನಿಲ್ಲಿಸಿ ಯೋಚಿಸಬೇಕಾದ ಸೂಚನೆಗಳು:

- ‘ನಾನು ಇಂಟ್ರೋವರ್ಟ್, ಕ್ಲೈಂಟ್ ಕಾಲ್ ಮಾಡಲಾರೆ’ ಎಂದು ಜನ ಹಣೆಪಟ್ಟಿಯನ್ನೇ ರಜೆಯ ಚೀಟಿಯಾಗಿ ಬಳಸುವುದು.
- ನೀವು ಖಾಸಗಿಯಾಗಿ ಕೇಳಿದ್ದು ಬೇರೆಯವರ ಬಾಯಲ್ಲಿ ಕೇಳಿಬರುವುದು.
- ಒಬ್ಬರೇ ಮೂರು ವಾರವೂ ಎಲ್ಲ ದೂರುಗಳ ಕೇಂದ್ರವಾಗಿರುವುದು. ಅವರಲ್ಲಿ ಸಮಸ್ಯೆ ಇರಬಹುದು, ಅಥವಾ ಭಾಷೆ, ಜಾತಿ, ಊರು, ಲಿಂಗದ ಕಾರಣಕ್ಕೆ ತಂಡ ಅವರನ್ನು ಹೊರಗಿಟ್ಟಿರಬಹುದು. ಎರಡನೆಯದಕ್ಕೆ ಈ ಮಾರ್ಗದರ್ಶಿ ಮದ್ದಲ್ಲ. ಅದು ದೂರು ಸಮಿತಿಗೆ ಹೋಗಬೇಕಾದ ವಿಷಯ, ತಡಮಾಡಬೇಡಿ.

ಎಲ್ಲ ಮಾಡಿದ ಮೇಲೂ ಒಬ್ಬರಿಗೆ ಈ ಕೆಲಸ ಒಗ್ಗದಿರಬಹುದು. ಅವರಿಗೆ ಬೇಕಾದ ಸ್ವಾಯತ್ತತೆಯೋ ಕಲಿಕೆಯೋ ನಿಮ್ಮ ತಂಡದಲ್ಲಿ ಇಲ್ಲವೆಂದಾದರೆ ಕಂಪನಿಯೊಳಗೆ ಅದು ಸಿಗುವ ತಂಡ ಹುಡುಕಿಕೊಡಿ. ತೊಂಬತ್ತು ದಿನದ ನೋಟಿಸ್ ಪೀರಿಯಡ್ ಶುರುವಾದ ಮೇಲೆ ಈ ಮಾತು ಎತ್ತಿ ಫಲವಿಲ್ಲ. ಎಂಟನೆಯ ವಾರದ 20 ನಿಮಿಷದ ಮಾತುಕತೆಯಲ್ಲಿಯೇ ಎತ್ತಿ. ಹೊಸಬರು ಬಂದರೆ, ಅಥವಾ ಯಾರಾದರೂ ಬಿಟ್ಟು ಹೋದರೆ, ಹಂತ 1ರ ನಕ್ಷೆಯನ್ನು ಹೊಸ ಹಾಳೆಯ ಮೇಲೆ ಮತ್ತೆ ಬಿಡಿಸಿ.